ಎಲ್ಲಿಗೆ ಅಂತ ಕೇಳಬಾರದು

ಬೆಳಿಗ್ಗೆ ಹಲಸೂರು ಕೆರೆಯ ಪಕ್ಕ ಬಸ್ಸು ನಿಂತಾಗ ಪಾಚಿಯ ವಾಸನೆ ಬಂತು. ಎಲ್ಲರೂ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಕೂತ ಸೀಟಿನಿಂದಲೇ ಕೆ.ಆರ್. ಪುರದಾಚೆಯ ದೊಡ್ಡಪ್ಪನ ಮನೆಗೆ ಹೋಗಿಬಿಟ್ಟೆ.

ಬೇಸಿಗೆ ರಜೆಗೆ ಲಿಂಗರಾಜಪುರದಿಂದ ನಾವೆಲ್ಲ ಅಲ್ಲಿಗೇ ಹೋಗುತ್ತಿದ್ದುದು. ಮನೆಯ ಹಿಂದೆ ಕೆರೆ. ಕೆರೆಯಲ್ಲಿ ಕಪ್ಪೆಯನ್ನೇ ನುಂಗುವ ಕೊರಮೀನು. ಗಾಳ ಹಿಡಿದು ಹೊರಟವರನ್ನು 'ಎಲ್ಲಿಗೆ' ಎಂದು ಕೇಳಿದರೆ ಮೀನು ಸಿಗದು ಎಂಬುದು ದೊಡ್ಡಪ್ಪನ ಸಂವಿಧಾನದ ಮೊದಲ ವಿಧಿ. ಹೆಣ್ಣುಮಕ್ಕಳು ಗಾಳ ಮುಟ್ಟಬಾರದು ಎಂಬುದು ಎರಡನೆಯದು. ನನಗೆ ಬೇಕಿದ್ದದ್ದು ಆ ಗಾಳವೇ. ಕೊಡಲಿಲ್ಲವಾದ್ದರಿಂದ ಮೊದಲ ವಿಧಿಯನ್ನು ಭಕ್ತಿಪೂರ್ವಕವಾಗಿ ಮುರಿದೆ.

"ಎಲ್ಲಿಗೆ ದೊಡ್ಡಪ್ಪ?"

"ಮುಚ್ಚೇ ಬಾಯಿ, ಶನಿ. ಹೋಯ್ತು ಇವತ್ತಿನ ಮೀನು."

ಆ ರಜೆಯಲ್ಲಿ ಅಲ್ಲಿಯವರೆಗೆ ಬರಿಗೈಯಲ್ಲಿ ಬರುತ್ತಿದ್ದವರು ಅವತ್ತು ಮೊಳದುದ್ದದ ಕೊರಮೀನು ತಂದರು.

ಮರುದಿನ ಗೇಟಿನ ಬಳಿ ನಿಂತು ಚಪ್ಪಲಿ ಹಾಕಿದರು, ಬಿಚ್ಚಿದರು, ಮತ್ತೆ ಹಾಕಿದರು. ಕೆಮ್ಮಿದರು.

"ಏನೇ, ಇವತ್ತೇನೂ ಕೇಳಲ್ವಾ?"

"ತಪ್ಪಲ್ವಾ ದೊಡ್ಡಪ್ಪ? ನಂದು ಶನಿ ಬಾಯಿ."

ಒಳಗಿಂದ ದೊಡ್ಡಮ್ಮ ಕೂಗಿದರು: "ಗಾಳ ಕೊಡ್ರೀ ಮಗೂಗೆ, ಕೇಳ್ತಾಳೆ."

ದೊಡ್ಡಪ್ಪ ಆಕಾಶ ನೋಡಿದರು, ಬೀದಿ ನೋಡಿದರು. ಕೊನೆಗೆ ಬಿದಿರಿನ ಗಾಳವನ್ನು ನನ್ನತ್ತ ಚಾಚಿದರು. ಅದನ್ನು ಹೆಗಲಿಗೇರಿಸಿ ಗೇಟು ದಾಟಿದೆ. ಈಗ ಗಾಳ ನನ್ನ ಕೈಯಲ್ಲಿತ್ತಲ್ಲ, ಕೇಳಬೇಕಾದವರು ಅವರೇ. ಹಿಂದಿನಿಂದ, ಬಹಳ ಕಷ್ಟಪಟ್ಟು, ಕೇಳಿದರು:

"ಎಲ್ಲಿಗಮ್ಮಾ?"

ತಲೆಯೆತ್ತಿದರೆ ಕಂಡಕ್ಟರ್ ನಿಂತಿದ್ದರು. ಅವರು ಕೇಳಿದ್ದೂ ಅದನ್ನೇ.

"ಮೀನು ಹಿಡಿಯಕ್ಕೆ," ಅಂದೆ.