ಮುಚ್ಚಿಟ್ಟ ಮುದ್ದೆ

ನಮ್ಮ ಊರಿಗಾಂ ಚಿನ್ನದ ಗಣಿಯ ಆಳುಗಳಿಗೆ ಕೊಟ್ಟಿದ್ದ ಲೈನ್ ಮನೆಗಳಲ್ಲಿ ಒಂದು ಕಟ್ಟಳೆ ಇತ್ತು. ಗಂಡಸು ಗಣಿಗೆ ಇಳಿದ ಮೇಲೆ ಅವನ ಪಾಲಿನ ಮುದ್ದೆಯನ್ನು ಮುಚ್ಚಿಡಬೇಕು. ಅವನು ಮೇಲೆ ಬಂದು ಕೈ ತೊಳೆಯುವವರೆಗೆ ಯಾರೂ ಮುಚ್ಚಳ ತೆಗೆಯಬಾರದು. ಅರವತ್ತರ ಸುಮಾರಿನ ಮಾತು. ನಮ್ಮ ಯಜಮಾನರಿಗೂ ಹಾಗೇ ಮುಚ್ಚಿಟ್ಟಿದ್ದೆ. ಗಣಿಯೊಳಗೆ ಬಂಡೆ ಸಿಡಿದು ನೆಲ ನಡುಗಿತು, ಮುಚ್ಚಳ ಗಡಗಡ ಅಂದಿತು. ಅವರು ಬರಲಿಲ್ಲ.

ಹಾಳಾದ ಕೈ ಅಳತೆ ಮರೆಯಲಿಲ್ಲ. ಒಬ್ಬಳದೇ ಅಡುಗೆ, ಆದರೂ ಸಂಜೆ ಎರಡು ಮುದ್ದೆ ಕಟ್ಟುತ್ತಿದ್ದೆ. ಒಂದನ್ನು ಉಂಡು ಇನ್ನೊಂದನ್ನು ಮುಚ್ಚಿಡುತ್ತಿದ್ದೆ. ಆಳದಲ್ಲಿ ಬಂಡೆ ಬಿರಿದು ನೆಲ ಅದುರುವುದು ನಮ್ಮಲ್ಲಿ ಹಗಲೂ ರಾತ್ರಿ ಇದ್ದದ್ದೇ. ಅದುರಿದಾಗ ಉಳಿದ ಹೆಂಗಸರು ಎದೆ ಹಿಡಿದುಕೊಂಡು ಬೀದಿಗೆ ಓಡಿದರೆ ನಾನು ಒಲೆಯ ಹತ್ತಿರ ಓಡುತ್ತಿದ್ದೆ. ಮುಚ್ಚಳ ಅಲ್ಲಾಡುತ್ತಿತ್ತು. “ಬಂದ್ರಾ?” ಅನ್ನುತ್ತಿದ್ದೆ. ಭಯವಾಗುತ್ತಿತ್ತು, ಆದರೂ ಆ ಸದ್ದಿಗೇ ಕಾಯುತ್ತಿದ್ದೆ. ಸದ್ದಾದ ಮೇಲೆಯೇ ಮುಚ್ಚಳ ತೆಗೆಯುತ್ತಿದ್ದೆ.

ಬೆಳಿಗ್ಗೆ ಆ ತಂಗಳು ಮುದ್ದೆಯನ್ನು ಪುಡಿ ಮಾಡಿ, ಬೆಳ್ಳುಳ್ಳಿ, ಈರುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆಗೆ ಹಾಕಿ, ಮಿಕ್ಕ ಹುರುಳಿ ಸಾರು ಚಿಮುಕಿಸಿ ಬಾಡಿಸುತ್ತಿದ್ದೆ. ತಳ ಹಿಡಿದ ಸೀಕಲು ಎಂದರೆ ಅವರಿಗೆ ಪ್ರಾಣ. ಅದನ್ನು ಕೆರೆದು ತಟ್ಟೆಯ ಅಂಚಿಗೆ ಇಡುತ್ತಿದ್ದೆ. ಕೊನೆಗೆ ನಾನೇ ತಿನ್ನಬೇಕಾಗುತ್ತಿತ್ತು.

ಪಕ್ಕದ ಮನೆಯ ತಮಿಳು ಅಕ್ಕ ಒಮ್ಮೆ ಬಾಗಿಲಲ್ಲಿ ನಿಂತು ನೋಡಿದರು.

“ಅಯ್ಯೋ, ಒಬ್ಳಿಗೆ ಎರಡು ಯಾಕಮ್ಮಾ?”

“ಒಂದು ನಂಗೆ. ಇನ್ನೊಂದು ಅವ್ರು ಬಂದ್ರೆ ಇರ್ಲಿ ಅಂತ.”

“ಮಣ್ಣಾದೋರು ಎದ್ದು ಬತ್ತಾರಾ? ತಲೆ ಕೆಟ್ಟೈತಾ ನಿಂಗೆ?”

“ಕೆಟ್ಟೈತೆ, ಏನಿವಾಗ? ನಿಮ್ ಒಲೆ ನೋಡ್ಕೋ ಓಗಕ್ಕಾ!” ಎಂದು ರೇಗಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಹೋದರು.

ಯಜಮಾನರ ಕೆಲಸಕ್ಕೆ ಕೊಟ್ಟಿದ್ದ ಲೈನ್ ಮನೆಯನ್ನು ಗಣಿಯವರು ಕೊನೆಗೆ ಬಿಡಿಸಿಕೊಂಡರು. ಬಂಗಾರಪೇಟೆಯಲ್ಲಿ ಅಣ್ಣ ತನ್ನ ಹಿತ್ತಲಿನ ಕೋಣೆ ಬಿಟ್ಟುಕೊಟ್ಟ. ಬೇರೆ ಒಲೆ ಹೂಡಿದೆ. ಮೊದಲ ಸಂಜೆಯೂ ಎರಡು ಮುದ್ದೆಯೇ ಆದವು.

ಬೆಳಿಗ್ಗೆ ಬಾಣಲೆ ಇಟ್ಟು ಕಾದೆ. ಸ್ಟೇಷನ್ ಕಡೆ ಗೂಡ್ಸ್ ಗಾಡಿ ಕೂಗಿತು, ಅಷ್ಟೇ. ಬಂಗಾರಪೇಟೆಯ ನೆಲ ಗಟ್ಟಿ, ಅದುರುವುದಿಲ್ಲ. ಅವರಿಗೆ ಈ ಮನೆಯ ದಾರಿ ಗೊತ್ತಿಲ್ಲ ಎನ್ನಿಸಿತು. ಎಣ್ಣೆ ಹೊಗೆಯಾಡುತ್ತಿತ್ತು. ಹಸಿವಾಗುತ್ತಿತ್ತು. ಮುಚ್ಚಳಕ್ಕೆ ಕೈ ಹಾಕಿದರೆ ತೆಗೆಯಲಾಗದು, ಅವರು ಬಂದಿಲ್ಲವಲ್ಲ.

ಕೊನೆಗೆ ನಾನೇ ಮುಚ್ಚಳ ಹಿಡಿದು ಗಡಗಡ ಅಲ್ಲಾಡಿಸಿದೆ.

“ಬಂದ್ರಾ? ಕೈ ತೊಳ್ಕೊಳ್ಳಿ” ಎಂದೆ. ಆಮೇಲೆ ತೆಗೆದೆ.