ಕರೆಂಟ್ ಹೋದ ಮೇಲೂ ನಡೆದ ಪಾಠ

ಕಂಪ್ಯೂಟರಿನ ಪರದೆ ಕಪ್ಪಾಗಿತ್ತು. ಆದರೂ ಗುಡೇಕೋಟೆ ಹತ್ತಿರದ ಆ ಶಾಲೆಯಲ್ಲಿ ಪಾಠ ನಿಂತಿರಲಿಲ್ಲ. ಏಳನೇ ತರಗತಿಯ ಗಂಗಮ್ಮ ಎದ್ದು ನಿಂತು, ಸಿ.ಡಿ.ಯಲ್ಲಿದ್ದ ಹೃದಯದ ಪಾಠವನ್ನು ಅದೇ ಧಾಟಿಯಲ್ಲಿ ಹೇಳುತ್ತಿದ್ದಳು. ‘ಈಗ ಚಿತ್ರವನ್ನು ಗಮನಿಸಿ’ ಎಂದು ಅವಳು ಮಾತು ನಿಲ್ಲಿಸಿದಾಗ, ಗೆಳತಿಯೊಬ್ಬಳು ಬೋರ್ಡಿನ ಮೇಲೆ ನಾಲ್ಕು ಕೋಣೆಗಳ ಹೃದಯ ಬರೆದಳು.

ನಾನೂ ಶಿಕ್ಷಕಿ. ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ಹೇಗೆ ನಡೆಯುತ್ತಿದೆ ಎಂದು ನೋಡಿ ವರದಿ ಕೊಡಲು ಕೂಡ್ಲಿಗಿಯ ಶಿಕ್ಷಣ ಕಚೇರಿಯಿಂದ ನನ್ನನ್ನು ಕಳಿಸಿದ್ದರು. ಬಳಕೆಯಿಲ್ಲದ ಕಡೆಯಿಂದ ಕಂಪ್ಯೂಟರುಗಳನ್ನು ಬೇರೆ ಶಾಲೆಗೆ ಸಾಗಿಸುವುದೆಂದು ತೀರ್ಮಾನವಾಗಿತ್ತು. ಇಲ್ಲಿ ಕರೆಂಟ್ ಇರುತ್ತಿದ್ದುದೇ ಕಡಿಮೆ. ಬಳಕೆ ಬರೆದಿಡುವ ಪುಸ್ತಕದಲ್ಲಿ ಖಾಲಿ ಹಾಳೆಗಳೇ ಹೆಚ್ಚು.

‘ಬಾಯಿಪಾಠ ಮಾಡಿಸೀರೇನ್ರಿ?’ ಎಂದು ಹೆಡ್‌ಮೇಷ್ಟ್ರನ್ನು ಮೆಲ್ಲಗೆ ಕೇಳಿದೆ.

‘ಇಲ್ರಿ ಮೇಡಂ. ಆಕಿಗೆ ಹುಟ್ಟಿದಾಗಿಂದ ಕಣ್ಣು ಕಾಣಂಗಿಲ್ಲ. ಎರಡು ಸಲ ಕೇಳಿದ್ರ ಸಾಕು, ಪೂರ್ತಿ ಹೇಳ್ತಾಳ. ಕರೆಂಟ್ ಇಲ್ಲದಾಗ ನಮ್ ಹುಡುಗ್ರು ಆಕಿ ಕಡಿಂದ ಪಾಠ ಹೇಳಿಸ್ಕೊಂತಾರ’ ಎಂದರು.

ಅಷ್ಟರಲ್ಲಿ ಗಂಗಮ್ಮ ಗೆಳತಿಯ ಕಡೆ ತಿರುಗಿ, ‘ಎಡಗಡಿ ಕೆಳಗಿನ ಕೋಣಿ ಗ್ವಾಡಿ ದಪ್ಪ ಬರದಿಯೇನಲೇ?’ ಎಂದಳು. ಬರೆದಿರಲಿಲ್ಲ. ಗೆಳತಿ ಅಂಗೈಯಿಂದ ಒರೆಸಿ ತಿದ್ದಿದಳು.

ಕರೆಂಟ್ ಇದ್ದಾಗ ಗಂಗಮ್ಮ ಕೇಳಿದ ಪಾಠ ಕರೆಂಟ್ ಇಲ್ಲದಾಗಲೂ ಎಲ್ಲರಿಗೂ ಮುಟ್ಟುತ್ತಿದೆ, ಆದ್ದರಿಂದ ಕಂಪ್ಯೂಟರ್ ಇಲ್ಲಿಯೇ ಇರಬೇಕೆಂದು ಬರೆದುಕೊಟ್ಟೆ. ಮೇಲಿನವರು ಒಪ್ಪಿದರು.

ನನ್ನ ತರಗತಿಯಲ್ಲಿ ‘ಇದನ್ನು ನೋಡಿ’ ಎಂದು ಬೋರ್ಡಿಗೆ ಬೆರಳು ತೋರಿಸಿ ಮುಂದೆ ಹೋಗುವ ಅಭ್ಯಾಸ ನನಗಿತ್ತು. ಅಂದಿನಿಂದ ಅಲ್ಲಿ ಏನಿದೆ, ಹೇಗಿದೆ ಎಂಬುದನ್ನು ಬಾಯಿಬಿಟ್ಟು ಹೇಳುತ್ತೇನೆ.