ಬೇಡವೆಂದ ಸುನ್ನತಿ

ಗಂಡುಮಗು ಹುಟ್ಟಿದ ಮನೆಯಲ್ಲಿ ಮೊದಲು ಸಕ್ಕರೆ ಹಂಚುತ್ತಾರೆ, ಆಮೇಲೆ ಹೆಸರು ಹುಡುಕುತ್ತಾರೆ, ಅದಾದ ಮೇಲೆ ಸುನ್ನತಿ ಯಾವಾಗ ಎಂದು ಕೇಳುತ್ತಾರೆ. ನನ್ನ ಮಗ ಹುಟ್ಟಿದಾಗ ನಮ್ಮ ಅತ್ತೆ ಕೊನೆಯದನ್ನೇ ಮೊದಲು ಕೇಳಿದರು. ನಲವತ್ತು ದಿನದ ಒಳಗೇ ಮಾಡಿಸಿಬಿಟ್ಟರೆ ಮಗುವಿಗೆ ನೋವು ತಿಳಿಯುವುದಿಲ್ಲ, ಬಾಣಂತಿಯ ನಲವತ್ತರ ಸ್ನಾನಕ್ಕೆ ಬಂದ ನೆಂಟರಿಗೇ ಸುನ್ನತಿಯ ಊಟವನ್ನೂ ಹಾಕಿಬಿಡಬಹುದು ಎನ್ನುವುದು ಅವರ ಲೆಕ್ಕಾಚಾರ. ತುಮಕೂರಿನ ಗಂಡನ ಮನೆಯ ಕತ್ತಲ ಬಾಣಂತಿ ಕೋಣೆಯಲ್ಲಿ ಮಗುವನ್ನು ಎದೆಗೆ ಒತ್ತಿಕೊಂಡು ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಅತ್ತೆಗೆ ಅದು ಸೊಕ್ಕಾಗಿ ಕಂಡಿತು. ನನಗೆ ಆಗ ಇದ್ದದ್ದು ಹೆದರಿಕೆ ಒಂದೇ.

ನನ್ನ ತವರು ಕುಣಿಗಲ್. ನಮ್ಮದು ಉರ್ದು ಮನೆಯಾದರೂ ಪೇಟೆಯಲ್ಲಿ ಬೆಳೆದ ನಮ್ಮ ನಾಲಿಗೆಗೆ ಕನ್ನಡವೇ ಮುಂದು. ನಾನು ಕನ್ನಡ ಶಾಲೆಗೆ ಹೋಗುತ್ತಿದ್ದ ವಯಸ್ಸಿನಲ್ಲಿ ನನ್ನ ತಮ್ಮನಿಗೆ ಸುನ್ನತಿ ಮಾಡಿಸಿದರು. ಅವನಿಗೆ ಹೊಸ ಜುಬ್ಬ, ಕೊರಳಿಗೆ ಮಲ್ಲಿಗೆ ಹಾರ, ತಲೆಗೆ ಜರಿ ಟೋಪಿ. ಮದುಮಗನ ಹಾಗೆ ಮಣೆಯ ಮೇಲೆ ಕೂರಿಸಿದರು. ಹೆಂಗಸರೆಲ್ಲ ಒಳಗೆ, ಬಾಗಿಲ ಸಂದಿಯಲ್ಲಿ. ಸುನ್ನತಿ ಮಾಡುವ ಹಜ್ಜಾಮರು ವಯಸ್ಸಾದವರು, ಅರ್ಧ ಊರಿನ ಗಂಡಸರು ಅವರ ಕೈಯಲ್ಲೇ ಆದವರು. "ಅಗೋ ನೋಡಪ್ಪಾ, ಚಿನ್ನದ ಹಕ್ಕಿ!" ಅಂದರು. ತಮ್ಮ ಸೂರಿನ ಕಡೆ ಕತ್ತೆತ್ತಿ ನೋಡಿದ. ಅಷ್ಟರಲ್ಲಿ ಮುಗಿದುಹೋಗಿತ್ತು.

ಮುಗಿಯಲಿಲ್ಲ ಎನ್ನುವುದೇ ಕಷ್ಟವಾದದ್ದು. ಬೇರೆ ಹುಡುಗರಿಗೆ ಬೂದಿ ಹಾಕಿದರೆ ನಿಲ್ಲುವ ರಕ್ತ ಇವನಿಗೆ ನಿಲ್ಲಲೇ ಇಲ್ಲ. ಸುಟ್ಟ ಬಟ್ಟೆಯ ಬೂದಿ, ಅರಿಸಿನ, ಕಾಫಿಪುಡಿ, ಜೇಡರ ಬಲೆ, ಯಾರು ಏನು ಹೇಳಿದರೆ ಅದು. ಅವನು ಅಳುವುದನ್ನೂ ಬಿಟ್ಟು ಬೆಳ್ಳಗಾಗುತ್ತಾ ಹೋದ. ಮಾರನೆಯ ದಿನ ಹಾರದ ಮಲ್ಲಿಗೆ ಬಾಡುವ ಹೊತ್ತಿಗೆ ಅವನು ಇರಲಿಲ್ಲ.

ತಪ್ಪು ಯಾರದು? ಊರಿಗೆಲ್ಲ ಉತ್ತರ ಸಿದ್ಧವಾಗಿತ್ತು. ಹಜ್ಜಾಮರ ಕೈಗುಣ ಕೆಟ್ಟಿದೆ ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಅಲ್ಲಿಯವರೆಗೆ ಅವರನ್ನು ಕೈ ಹಿಡಿದು ಕರೆದೊಯ್ಯುತ್ತಿದ್ದ ಮನೆಗಳವರು ಬೀದಿಯಲ್ಲಿ ಕಂಡರೆ ಮುಖ ತಿರುಗಿಸಿದರು. ಆ ಮುದುಕ ಒಂದು ದಿನ ಪೆಟ್ಟಿಗೆ ಎತ್ತಿಕೊಂಡು ಊರನ್ನೇ ಬಿಟ್ಟರು. ಆ ಹಜ್ಜಾಮರ ಹೆಸರೆತ್ತಿದರೆ ನಮ್ಮ ಅಬ್ಬಾ ಉಗುಳುತ್ತಿದ್ದರು.

ಅಕ್ಕನನ್ನು ಗುಬ್ಬಿಗೆ ಕೊಟ್ಟಿತ್ತು. ಅವಳಿಗೆ ಗಂಡು ಹುಟ್ಟಿದಾಗ ಅಬ್ಬಾ ತಾವೇ ತುಮಕೂರಿಗೆ ಹೋಗಿ, ಒಳ್ಳೆಯ ಕೈಗುಣದವರು ಎಂದು ಹೆಸರಾದ ಹಜ್ಜಾಮರನ್ನು ಹುಡುಕಿ ಕರೆದುಕೊಂಡು ಬಂದರು. ಇನ್ನೇನು ಭಯ? ಕೈ ಬದಲಾಯಿತಲ್ಲ. ಆ ಮಗುವೂ ಹಾಗೇ ಹೋಯಿತು.

ಆಗ ನನ್ನ ಮದುವೆಯಾಗಿ ವರ್ಷ ಕಳೆದಿತ್ತು. ಗುಬ್ಬಿಯ ಆ ಮನೆಯ ಹಿತ್ತಲಲ್ಲಿ ನಮ್ಮ ನಾನಿ, ಅಮ್ಮನ ತಾಯಿ, ಬಾವಿಕಟ್ಟೆಯ ಮೇಲೆ ಕೂತು ನನ್ನ ಕೈ ಹಿಡಿದುಕೊಂಡರು. "ಹಜ್ಜಾಮ್ ಏನ್ ಮಾಡ್ತಾನೆ ಕಣೇ. ನಮ್ಮನೆ ಹೆಣ್ಮಕ್ಕಳ ಹೊಟ್ಟೇಲಿ ಹುಟ್ಟಿದ ಗಂಡಿನ ರಕ್ತಕ್ಕೆ ನಿಲ್ಲೋದೇ ಗೊತ್ತಿಲ್ಲ. ನನ್ನ ತಮ್ಮಂದ್ರೂ ಹಿಂಗೇ ಹೋದ್ರು."

ನನಗೆ ಮೈಯೆಲ್ಲ ಉರಿಯಿತು. "ಗೊತ್ತಿದ್ದೂ ಯಾಕೆ ಬಾಯಿ ಬಿಡ್ಲಿಲ್ಲ ನಾನಿ?"

"ಬಿಟ್ಟಿದ್ರೆ ನಿಮ್ಮನ್ನ ಯಾರ್ ಮದ್ವೆ ಆಗೋರು?" ಅಂದರು ಆಕೆ, ನಾನೇ ದಡ್ಡಿ ಎನ್ನುವ ಹಾಗೆ.

ಮದುವೆ ಕೆಡದಿರಲಿ ಎಂದು ಎಷ್ಟು ಮಕ್ಕಳ ಸಾವನ್ನು ಕೈಗುಣದ ಲೆಕ್ಕಕ್ಕೆ ಬರೆದಿದ್ದರೋ! ಮುದುಕಿಯ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಆದರೆ ಆಕೆ ಹೇಳಿದ್ದು ಸುಳ್ಳಲ್ಲ. ಅಬ್ಬಾನ ಅಣ್ಣತಮ್ಮಂದಿರ ಮಕ್ಕಳೆಲ್ಲ ಸುನ್ನತಿಯಾಗಿ ಗುಂಡುಕಲ್ಲಿನ ಹಾಗಿದ್ದರು. ಅವರ ತಾಯಂದಿರು ಬೇರೆ ಮನೆಯವರು. ಸತ್ತವರು ನಾನಿಯ ಕಡೆಯವರು ಮಾತ್ರ.

ಹಾಗಾಗಿ ನನ್ನ ಮಗ ಹುಟ್ಟಿದಾಗ ನನ್ನಲ್ಲಿದ್ದದ್ದು ಒಂದೇ ಪ್ರಾರ್ಥನೆ: ನಾನಿಯ ಮಾತು ಇವನೊಬ್ಬನಲ್ಲಿ ಸುಳ್ಳಾಗಲಿ. ಅದು ಎಷ್ಟು ನಿಜ ಎಂದು ಮುನ್ಸಿಪಾಲಿಟಿಯ ದಾಕು ಹಾಕುವವನು ತೋರಿಸಿಕೊಟ್ಟ. ಬೀದಿಯ ಎಳೆ ಮಕ್ಕಳಿಗೆಲ್ಲ ಸಿಡುಬಿನ ದಾಕು ಚುಚ್ಚುತ್ತಾ ಬಂದವನು ನನ್ನ ಮಗನ ತೋಳಿಗೂ ಚುಚ್ಚಿ ಹೋದ. ಉಳಿದ ಮಕ್ಕಳ ತೋಳಲ್ಲಿ ಚುಕ್ಕೆ ಕಂಡು ಒಣಗಿತು. ಇವನ ತೋಳಿಗೆ ಸುತ್ತಿದ ಬಟ್ಟೆಯನ್ನು ನಾನು ಸಂಜೆಯವರೆಗೂ ಬದಲಾಯಿಸುತ್ತಲೇ ಇದ್ದೆ. ಕೊನೆಗೆ ಹೇಗೋ ನಿಂತಿತು.

ಗಂಡನನ್ನು ಹೊರಡಿಸಿಕೊಂಡು ಡಾಕ್ಟರ ಹತ್ತಿರ ಹೋದೆ. ಅವರು ತಮ್ಮನ ಕಥೆ, ಅಕ್ಕನ ಮಗುವಿನ ಕಥೆ ಎಲ್ಲ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದು ತಾಯಿ ಕಡೆಯಿಂದ ಬರೋ ಕಾಯಿಲೆ ಕಣಮ್ಮ. ರಕ್ತ ಹೆಪ್ಪುಗಟ್ಟಲ್ಲ. ಸುನ್ನತಿ ಮಾಡಿಸಿದ್ರೆ ಈ ಮಗೂನ ಮರ್ತುಬಿಡಿ."

"ಮಾಡಿಸ್ದೆ ಇದ್ರೆ ಬದುಕ್ತಾನಾ ಸಾರ್?"

ಅವರು ನನ್ನ ಗಂಡನ ಕಡೆ ನೋಡಿದರು. "ಬಿದ್ದರೆ, ಏಟಾದ್ರೆ ಕರ್ಕೊಂಡ್ ಬನ್ನಿ, ನೋಡೋಣ. ಔಷಧಿ ಅಂತ ಏನೂ ಇಲ್ಲ." ಬದುಕುತ್ತಾನೆ ಎಂದು ಅವರು ಹೇಳಲಿಲ್ಲ.

ಮಸೀದಿಯ ಮೌಲ್ವಿ ಸಾಹೇಬರನ್ನು ಕೇಳಿದರೆ ಅವರು ಒಂದೇ ಮಾತಿನಲ್ಲಿ ಮುಗಿಸಿದರು: ಜೀವಕ್ಕೆ ಅಪಾಯವಿದ್ದರೆ ಬಿಟ್ಟುಬಿಡಿ, ಅಲ್ಲಾಹ್ ಯಾಕೆಂದು ಕೇಳುವುದಿಲ್ಲ. ಅಲ್ಲಾಹ್ ಕೇಳುವುದಿಲ್ಲ ನಿಜ, ಬೀದಿ ಕೇಳುತ್ತದೆ. ನಮ್ಮ ಅತ್ತೆಯೂ ಕೇಳುತ್ತಾರೆ. "ಊರಿಗೇ ಒಂದು ದಾರಿಯಾದ್ರೆ ಎಡವಟ್ಟನಿಗೇ ಒಂದು ದಾರಿ" ಎಂದು ಶುರು ಮಾಡಿದವರು, "ಕೆಟ್ಟ ಹೊಟ್ಟೆಯವಳನ್ನ ನೋಡ್ದೆ ತಂದ್ಬಿಟ್ವಿ" ಎಂಬಲ್ಲಿಗೆ ಬಂದು ನಿಂತರು. ನನ್ನ ಗಂಡನಿಗೆ ತಗಡಿನ ಟ್ರಂಕು ಮಾಡುವ ಅಂಗಡಿ. ಮಾತು ಕಡಿಮೆಯ ಮನುಷ್ಯ. ಅವರಿಗೆ ಇದು ಬಿಸಿ ತುಪ್ಪವಾಗಿತ್ತು, ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ.

"ಎಲ್ಲಾರ್ ಮಕ್ಕಳ್ಗೂ ಆಗಿರೋದು ಇವನಿಗೆ ಆಗ್ದೆ ಇದ್ರೆ, ನಾಳೆ ಇವನನ್ನ ನಮ್ಮೋನು ಅಂತ ಯಾರ್ ಅಂತಾರೆ?" ಅಂದರು ನನ್ನ ಗಂಡ ಒಂದು ದಿನ ಊಟದ ಮುಂದೆ.

"ನಾಳೆ ಅಂತ ಒಂದು ಇರ್ಲಿ ಮೊದ್ಲು. ಅಷ್ಟು ಬೇಕಾದ್ರೆ ನನ್ನ ಕತ್ತು ಕುಯ್ದು, ಆಮೇಲೆ ಅವನ್ನ ಎತ್ಕೊಂಡ್ ಹೋಗಿ" ಅಂದೆ. ಅವರು ತಟ್ಟೆ ಬಿಟ್ಟು ಎದ್ದರು. ನಲವತ್ತರ ಸ್ನಾನವಾಯಿತು. ಸುನ್ನತಿ ಆಗಲಿಲ್ಲ. ನಿರ್ಧಾರ ಅಂದರೆ ಅಷ್ಟೇ. ಯಾರೂ ಒಪ್ಪಿಕೊಳ್ಳಲಿಲ್ಲ, ನಾನು ಬಿಡಲಿಲ್ಲ.

ಗೆದ್ದೆ ಅಂದುಕೊಂಡಿದ್ದರೆ ನನ್ನಷ್ಟು ಮೂರ್ಖಳಿಲ್ಲ. ತೆವಳುವ ವಯಸ್ಸಿಗೆ ಅವನ ಮಂಡಿಗಳು ಊದಿ ನೀಲಿಯಾಗುತ್ತಿದ್ದವು. ಹಳೆ ಕಂಬಳಿಯ ತುಂಡು ಹೊಲಿದು ಮಂಡಿಗೆ ಕಟ್ಟುತ್ತಿದ್ದೆ. ಅಪ್ಪನ ಅಂಗಡಿಯ ಹೊಸಿಲು ಅವನಿಗೆ ನಿಷಿದ್ಧ, ಅಲ್ಲಿ ಎಲ್ಲಿ ನೋಡಿದರೂ ತಗಡಿನ ಅಂಚು. ಶಾಲೆಯವರು ದೇವರಾಯನದುರ್ಗದ ಬೆಟ್ಟಕ್ಕೆ ಮಕ್ಕಳನ್ನು ಕರೆದುಕೊಂಡು ಹೊರಟಾಗ ಇವನು ಬಾಗಿಲ ಕಂಬ ಹಿಡಿದು ನಿಂತು ಅತ್ತ. ಬೀದಿಯಲ್ಲಿ ಇವನ ಓರಗೆಯ ಹುಡುಗರಿಗೆ ಒಬ್ಬೊಬ್ಬರಿಗೇ ಸುನ್ನತಿಯಾಯಿತು. ಹಾರ ಹಾಕಿಸಿಕೊಂಡು ಮಿಠಾಯಿ ಗುಡ್ಡೆಯ ಮುಂದೆ ಕೂತವರನ್ನು ನೋಡಿ ಬಂದು, "ಅಮ್ಮಾ, ನಂಗ್ಯಾವಾಗ?" ಅಂತ ಕೇಳುತ್ತಿದ್ದ.

"ಬರೋ ವರ್ಷ ಕಣೋ" ಅನ್ನುತ್ತಿದ್ದೆ.

"ಹೋದ್ ವರ್ಷಾನೂ ಅದೇ ಅಂದಿದ್ದೆ" ಎಂದು ಸಿಡುಕುತ್ತಿದ್ದ. ನನ್ನ ಸಿಡುಕೇ ಅವನಿಗೂ ಬಂದಿತ್ತು.

ಅವನು ಬಿದ್ದು ಸಾಯುತ್ತಾನೆ ಎಂದು ನಾನು ಕಾವಲಿದ್ದೆ. ಕಲ್ಲು, ಮುಳ್ಳು, ತಗಡು, ಈಳಿಗೆ ಮಣೆ, ಎಲ್ಲವನ್ನೂ ಅವನಿಂದ ದೂರ ಇಟ್ಟಿದ್ದೆ. ಅವನ ಹಾಲುಹಲ್ಲನ್ನು ದೂರ ಇಡುವುದು ಹೇಗೆ? ಎಲ್ಲ ಮಕ್ಕಳಿಗೂ ಅಲುಗಾಡುವ ಹಲ್ಲು ಇವನಿಗೂ ಅಲುಗಾಡಿತು. ಒಂದು ಬೆಳಿಗ್ಗೆ ಅದನ್ನು ಅಂಗೈಯಲ್ಲಿ ಹಿಡಿದುಕೊಂಡು, ದೊಡ್ಡವನಾದೆ ಎಂದು ನಗುತ್ತಾ ಬಂದ. ಬಾಯಿ ಕೆಂಪಾಗಿತ್ತು. ನಾನು ಹಲ್ಲನ್ನು ನೋಡಲೇ ಇಲ್ಲ.

ಆಸ್ಪತ್ರೆಯಲ್ಲಿ ಹತ್ತಿ ಇಟ್ಟರು, ತೆಗೆದರು, ಮತ್ತೆ ಇಟ್ಟರು. ಬೆಂಗಳೂರಿಗೆ ಕರೆದೊಯ್ದರೆ ರಕ್ತ ಕೊಡುತ್ತಾರೆ ಅಂದರು. ಬಾಡಿಗೆ ಕಾರು ಹುಡುಕಿ ತರುವಷ್ಟರಲ್ಲಿ ಅವನಿಗೆ ಕಾರು ಬೇಕಾಗಿರಲಿಲ್ಲ. ಕತ್ತಿ ಇಲ್ಲ, ಹಜ್ಜಾಮ ಇಲ್ಲ, ಯಾರ ಕೈಗುಣವನ್ನೂ ಬೈಯುವ ಹಾಗಿಲ್ಲ. ಅತ್ತೆ ಎಲ್ಲರ ಮುಂದೆ ಹೇಳಿದರು: "ಹೋಗೋನು ಹೋಗೇ ಹೋದ. ಆ ಒಂದು ಕೆಲ್ಸಾನಾದ್ರೂ ಆಗಿದ್ದಿದ್ರೆ ನಮ್ಮೋನಾಗಿ ಹೋಗ್ತಿದ್ದ." ನಾನು ಜಗಳಕ್ಕೆ ನಿಂತದ್ದು ಇವನ ಜೀವಕ್ಕಾಗಿ, ಅದೇ ಇರಲಿಲ್ಲವಲ್ಲ.

ಅಂಗಳದಲ್ಲಿ ಅಡ್ಡಲಾಗಿ ಬಿಳಿ ಬಟ್ಟೆ ಕಟ್ಟಿ, ನನ್ನ ಗಂಡ, ಅವರ ಚಿಕ್ಕಪ್ಪ, ಉಳಿದ ಗಂಡಸರು ಮಗುವಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ನಾನು ಒಳಗೆ ಹೆಂಗಸರ ನಡುವೆ ಕೂತಿದ್ದೆ. ನೀರು ಸುರಿಯುವ ಸದ್ದು ನಿಂತಿತು. ಬಟ್ಟೆಯ ಆಚೆ ಗುಸುಗುಸು. ಆಮೇಲೆ ನನ್ನ ಗಂಡ ಬಾಗಿಲಿಗೆ ಬಂದು ಕೈ ಮಾಡಿ ಕರೆದರು. ಅವರ ತೋಳು ಮೊಣಕೈವರೆಗೆ ನೆನೆದಿತ್ತು.

"ಚಿಕ್ಕಪ್ಪ ಅಂತಾವ್ರೆ..." ಎಂದು ಗೋಡೆ ನೋಡಿದರು. "ಈಗಲಾದ್ರೂ ಮಾಡಿ ಕಳ್ಸಾಣ ಅಂತ. ಮೌಲ್ವಿ ಸಾಹೇಬ್ರು ಬೇಕಿಲ್ಲ ಅಂದ್ರು. ಚಿಕ್ಕಪ್ಪ ಕೇಳ್ತಿಲ್ಲ. ಈಗ ರಕ್ತ ಬರಲ್ಲ ಅಂತಾವ್ರೆ." ಆಮೇಲೆ ನನ್ನ ಕಡೆ ತಿರುಗಿ, "ನೀನು ಏನಂತೀಯೋ ಹಂಗೆ" ಅಂದರು.

ಇಷ್ಟು ವರ್ಷಗಳಲ್ಲಿ ಈ ವಿಷಯದಲ್ಲಿ ಅವರು ನನ್ನನ್ನು ಕೇಳಿದ್ದು ಅದೇ ಮೊದಲು. ನನಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಅವರ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಬೇಡ" ಅಂದೆ.

ಅವರು ತಲೆಯಾಡಿಸಿ ಬಟ್ಟೆಯ ಆಚೆ ಹೋದರು. ಮತ್ತೆ ನೀರು ಸುರಿಯುವ ಸದ್ದು ಶುರುವಾಯಿತು. ಅದೇ ಮಾತನ್ನು ನಾನು ಎಷ್ಟು ಸಲ ಹೇಳಿದ್ದೆನೋ. ಪ್ರತಿ ಸಲವೂ ಅದರಿಂದ ಅವನು ಉಳಿಯುತ್ತಾನೆ ಎಂದುಕೊಂಡು ಹೇಳಿದ್ದೆ. ಈ ಸಲ ಸುಮ್ಮನೆ ಹೇಳಿದೆ.